ಕಾಫಿ ಕಣದಲ್ಲಿ ಎಂಟರ ಗೆರೆ

ಹೇರ್‌ಪಿನ್ನಿನ ಒಂದು ಕಾಲು ಬಾಗಿತ್ತು. ನಮ್ಮ ಡ್ರಿಲ್ ಮೇಡಂ ಅದರಿಂದಲೇ ನಮ್ಮ ಸ್ಕೇಟಿಂಗ್ ಅಳೆಯುತ್ತಿದ್ದರು. ಹಾಸನದಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ರಂಗೋಲಿ ಪುಡಿ ಉದುರಿಸಿ, ಕಾಲಿಗೆ ಗಾಲಿ ಕಟ್ಟಿಕೊಂಡ ನಮ್ಮಿಂದ ಎಂಟರ ಆಕಾರ ಬರೆಸುತ್ತಿದ್ದರು. ಎರಡನೆಯ ಸುತ್ತು ಮೊದಲ ಗೆರೆಯ ಮೇಲೇ ಹೋಗಬೇಕು. ಎರಡು ಗೆರೆಗಳ ನಡುವಿನ ಅಂತರವನ್ನು ಪಿನ್ನಿನಿಂದ ಅಳೆದು, ಸರಿದಷ್ಟೂ ಅಂಕ ಕಡಿತ. “ನನ್ ಮಕ ಯಾಕೆ ನೋಡ್ತೀಯೆ? ಗೆರೆ ನೋಡೇ!” ಎನ್ನುತ್ತ, ನಿಂತಲ್ಲಿ ನಿಲ್ಲದೆ ಓಡಾಡುವರು.

ಮೈಸೂರಿನ ಸ್ಪರ್ಧೆಗೆ ಒಬ್ಬಳನ್ನು ಆರಿಸುವ ದಿನ ನಾನು ಬೀಳದೆ ಮುಗಿಸಿದೆ. ಗೆಳತಿಯರು ಚಪ್ಪಾಳೆ ತಟ್ಟಿದರು. ಮೇಡಂ ಮಂಡಿಯೂರಿ ಪಿನ್ನಿಟ್ಟರು.

“ಚೆಂದಾಗೇ ಸುತ್ದೆ ಕಣೆ. ಆದ್ರೆ ಗೆರೆ ಎರಡಾಗೈತಲ್ಲ! ನಾಲ್ಕೇ ಅಂಕ.”

ಅರಕಲಗೂಡಿನ ಹುಡುಗಿಗೆ ಐದು ಬಂತು, ಅವಳೇ ಆಯ್ಕೆಯಾದಳು.

ಮರುದಿನ ಬೆಳಿಗ್ಗೆ ನಾನು ಕಣಕ್ಕೆ ಹೋದಾಗ ಮೇಡಂ ಉಳಿದವರ ಗೆರೆಗಳನ್ನೆಲ್ಲ ಗುಡಿಸಿ, ನನ್ನದನ್ನಷ್ಟೇ ಉಳಿಸಿಕೊಂಡು, ಅದೇ ಕಾಲು ಬಾಗಿದ ಪಿನ್ನಿನಿಂದ ಮತ್ತೆ ಅಳೆಯುತ್ತಿದ್ದರು.