ಪೆಂಗ್ವಿನ್ ಬಿದ್ದಾಗ ಕೇಳುತ್ತಿದ್ದ ದನಿ

ಆಗ ನಮ್ಮ ಹಾನಗಲ್ಲಿನ ಓಣಿಯಲ್ಲಿ ಯಾರ ಮನೆಯ ಬಾಗಿಲ ಮುಂದೆ ಸಣ್ಣ ಸಣ್ಣ ಚಪ್ಪಲಿಗಳ ರಾಶಿ ಬಿದ್ದಿದೆಯೋ ಆ ಮನೆಯಲ್ಲಿ ಕಂಪ್ಯೂಟರ್ ಇದೆ ಎಂದು ತಿಳಿಯಬೇಕಿತ್ತು. ಮೊಬೈಲುಗಳು ಇನ್ನೂ ದೊಡ್ಡವರ ಜೇಬಿನಲ್ಲೇ ಇದ್ದವು. ಬೇಸಿಗೆ ಸೂಟಿ ಬಿದ್ದರೆ ಸಾಕು, ಕಿಸೆ ತುಂಬ ಹುರಿದ ಶೇಂಗಾ ಹಾಕಿಕೊಂಡು ಹುಡುಗರು ಕಂಪ್ಯೂಟರ್ ಇದ್ದ ಮನೆ ಹುಡುಕಿಕೊಂಡು ಹೊರಡುತ್ತಿದ್ದರು. ನಾನು ಐದನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನಮ್ಮ ಮನೆಗೂ ಒಂದು ಬಂತು. ಚಪ್ಪಲಿಗಳೂ ಬಂದವು. ಎರಡು ದಿನ ಇದ್ದು ಮೂರನೆಯ ದಿನಕ್ಕೆ ಒಂದೂ ಇಲ್ಲ. ನಮ್ಮ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್, ಉಳಿದವರ ಮನೆಯ ಆಟಗಳು ಅದರಲ್ಲಿ ಓಡುತ್ತಿರಲಿಲ್ಲ.

ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ. ಗಿರಾಕಿಗಳ ಪೆನ್ ಡ್ರೈವಿನಿಂದ ವೈರಸ್ ತಿಂದು ತಿಂದು ಸುಸ್ತಾಗಿದ್ದ ಅಂಗಡಿಯ ಹಳೆಯ ಕಂಪ್ಯೂಟರನ್ನು ತಂದು ನಡುಮನೆಯ ಮೂಲೆಯಲ್ಲಿಟ್ಟ. ಅದನ್ನು ನೋಡಿಕೊಳ್ಳುತ್ತಿದ್ದವನು ಸವಣೂರಿನ ಖಾದರಣ್ಣ. ಬರುವಾಗ ತಪ್ಪದೆ ಅಜ್ಜಿಗೆ ಒಂದು ಕಟ್ಟು ಸವಣೂರಿನ ವೀಳ್ಯದೆಲೆ ತರುತ್ತಿದ್ದ. "ಇದಕ್ಕ ಲಿನಕ್ಸ್ ಹಾಕ್ತೇನ್ರಿ. ವೈರಸ್ಸಿನ ಕಾಟ ಇರಂಗಿಲ್ಲ. ಆಟನೂ ಅದಾವ, ಕೂಸು ಆಡ್ಲಿ" ಅಂದ. ಕೂಸು ಅಂದರೆ ನಾನು.

ಈಗ ನಾನು ಕಂಪ್ಯೂಟರ್ ಆಟಗಳ ಬಗ್ಗೆ ಬರೆಯುವವಳು, ಯಾವ ಆಟ ಚಲೋ, ಯಾವುದು ಬರೀ ಡೌಲು ಎಂದು ಮುಲಾಜಿಲ್ಲದೆ ಹೇಳುವವಳು. ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ: ಅಂದಿನ ಲಿನಕ್ಸ್ ಆಟಗಳು ಬಡವರ ಮನೆಯ ಆಟಗಳೇ. ಒಂದು ಇಸ್ಪೀಟು, ಒಂದು ಹಾವಿನಾಟ, ಬಣ್ಣದ ಗುಳ್ಳೆ ಒಡೆಯುವುದೊಂದು, ಪುಟ್ಟ ಬಂಡಿಗಳ ರೇಸೊಂದು. ಹುಬ್ಬಳ್ಳಿಯಿಂದ ಬಂದ ಸೋದರಮಾವನ ಮಗ ಪ್ರವೀಣ ತನ್ನ ಕಾರಿನ ಆಟದ ಸಿಡಿ ಹಾಕಿ ನೋಡಿದ. ಅದು ಏಳಲೇ ಇಲ್ಲ. "ಏನ್ ಡಬ್ಬಾ ಕಂಪ್ಯೂಟರ್ ಐತಿ ನಿಮ್ದು! ಬಂದೂಕಿಲ್ಲ, ಕಾರಿಲ್ಲ" ಎಂದು ಓಣಿಯ ಹುಡುಗರ ಮುಂದೆಯೇ ಅಂದ. ನನಗೆ ಮೈಯೆಲ್ಲ ಉರಿಯಿತು.

ಅಜ್ಜನೂ ಅದನ್ನು ಮೆಚ್ಚಲಿಲ್ಲ. ಹಾನಗಲ್, ತಿಳವಳ್ಳಿ, ಹಿರೇಕೆರೂರು ಎಂದು ಜೀವಮಾನವಿಡೀ ಬಸ್ಸು ಓಡಿಸಿದವನು. ಮಾತು ಕಡಿಮೆ, ಸಿಟ್ಟು ಜಾಸ್ತಿ. ನಾನು ಬಂಡಿ ರೇಸು ಆಡುವುದನ್ನು ಒಮ್ಮೆ ಬೆನ್ನ ಹಿಂದೆ ನಿಂತು ನೋಡಿದ. "ಇದಕ್ಕ ಬ್ರೇಕ್ ಎಲ್ಲೈತಿ?" ಎಂದು ಕೇಳಿದ. "ಬ್ರೇಕ್ ಹಿಡದ್ರ ಸೋಲ್ತೇವಿ ಅಜ್ಜ" ಅಂದೆ. "ಹಂಗಾರ ಇದು ಆಟಲ್ಲ, ಮಂದಿನ್ನ ಕೊಲ್ಲೋ ಧಂದೆ" ಎಂದು ಹೆಗಲ ಮೇಲಿನ ಟವೆಲ್ ಝಾಡಿಸಿಕೊಂಡು ಹೊರಗೆ ಹೋದ. ಆಮೇಲೆ ಆ ಮೂಲೆಯತ್ತ ತಿರುಗಿಯೂ ನೋಡಲಿಲ್ಲ.

ನನ್ನ ಜೊತೆ ಕೂತವಳು ಅಜ್ಜಿ ಒಬ್ಬಳೇ. ಮಧ್ಯಾಹ್ನದ ಊಟವಾದ ಮೇಲೆ ಮೊರದಲ್ಲಿ ಅಕ್ಕಿ ತಂದು ಹಸನು ಮಾಡುತ್ತ ನನ್ನ ಕುರ್ಚಿಯ ಪಕ್ಕ ನೆಲಕ್ಕೆ ಕೂರುತ್ತಿದ್ದಳು. ಬಿಸಿಯಾದ ಕಂಪ್ಯೂಟರಿನ ಧೂಳಿನ ವಾಸನೆ, ಅಜ್ಜಿಯ ಬಾಯಿಯ ಎಲೆ ಅಡಿಕೆಯ ವಾಸನೆ, ಎರಡೂ ಸೇರಿ ಆ ಮೂಲೆಗೇ ಒಂದು ವಾಸನೆ ಬಂದಿತ್ತು. ನಾವು ಆಡುತ್ತಿದ್ದದ್ದು ಪೆಂಗ್ವಿನ್ ಆಟ. ಪೆಂಗ್ವಿನ್ ಒಂದು ಹಿಮದ ನಾಡಿನಲ್ಲಿ ಓಡುತ್ತ, ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ ಹೋಗಬೇಕು. ನಡುವೆ ಹೊಂಡಗಳು. ಅಜ್ಜಿ ಪೆಂಗ್ವಿನ್ ಕಂಡವಳಲ್ಲ. "ಈ ಕರಿ ಕೋಳಿಗೆ ಹಿಂದ ಮುಂದ ಯಾರೂ ಇಲ್ಲೇನ? ಪಾಪ, ಒಂದ ತಿರಗ್ತೈತಿ" ಎಂದು ಮರುಗುತ್ತಿದ್ದಳು. ಅದು ಹೊಂಡಕ್ಕೆ ಬಿದ್ದಾಗ ಮಾತ್ರ ಮೊರದಿಂದ ಕೈ ತೆಗೆದುಬಿಡುತ್ತಿದ್ದಳು. "ಅಯ್ಯ ಶಿವನ! ಬಿದ್ದೇನ ಕೂಸ? ಏಳ, ಏಳ. ಏನಾಗಿಲ್ಲ."

ನಾನು ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗಲೂ ಇದೇ ಮಾತು, ಇದೇ ರಾಗ. ಕರಿ ಕೋಳಿಗೂ ನನಗೂ ಅವಳು ಭೇದ ಮಾಡಲಿಲ್ಲ.

ಒಂದು ದಿನ ಎಲೆಯ ಕಟ್ಟು ಕೊಡಲು ಬಂದ ಖಾದರಣ್ಣ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಆಟದ ಒಳಗಿನ ಫೋಲ್ಡರ್ ತೆರೆದು ತೋರಿಸಿದ. ಚಿತ್ರಗಳು ಬೇರೆ, ಸಪ್ಪಳಗಳು ಬೇರೆ. ಜಿಗಿಯುವ ಸಪ್ಪಳ ಒಂದು ಫೈಲು, ಬೀಳುವ ಸಪ್ಪಳ ಇನ್ನೊಂದು. "ಬ್ಯಾರೆ ಆಟಕ್ಕೆಲ್ಲ ಕೀಲಿ ಹಾಕಿರ್ತಾರ. ಇದಕ್ಕ ಕೀಲಿನ ಇಲ್ಲ. ಒಳಗ ಹೊಕ್ಕು ನೋಡು, ಬೇಕಾದ್ದು ಬದಲಿ ಮಾಡು, ಯಾರೂ ಬೈಯಂಗಿಲ್ಲ" ಅಂದ. ಲಿನಕ್ಸ್ ಆಟಗಳ ಬಗ್ಗೆ ನಾನು ಆಮೇಲೆ ಎಷ್ಟು ಓದಿದರೂ ಇದಕ್ಕಿಂತ ಹೆಚ್ಚಿನದನ್ನೇನೂ ಕಲಿತಿಲ್ಲ. ಬೀಳುವ ಸಪ್ಪಳದ ಜಾಗದಲ್ಲಿ ಅಜ್ಜಿಯ ದನಿ ಹಾಕುವುದೆಂದು ಇಬ್ಬರೂ ಗುಟ್ಟಿನಲ್ಲಿ ನಿಶ್ಚಯಿಸಿದೆವು.

ಮಾತಾಡು ಎಂದು ಖಾದರಣ್ಣ ತನ್ನ ಮೊಬೈಲು ಹಿಡಿದರೆ ಅಜ್ಜಿ ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. "ನಾ ಏನ್ ಮಾತಾಡ್ಲೋ ಯಪ್ಪಾ, ಸಾಲಿ ಕಲ್ತಾಕಿ ಅಲ್ಲ" ಎಂದು ನಾಚಿದಳು. ಆಗ ಅವನು ನನಗೆ ಕಣ್ಣು ಹೊಡೆದು, "ನೀ ಆಟ ಆಡವ್ವ" ಅಂದ. ನಾನು ಆಡಿದೆ, ಬೇಕೆಂದೇ ಬಿದ್ದೆ. ಅಜ್ಜಿಯ ಬಾಯಿಂದ ತಾನಾಗಿ ಬಂದ ಮಾತು ಅವನ ಮೊಬೈಲಿಗೆ ಇಳಿಯಿತು. ಹಿಂದೆ ಮೊರದ ಅಕ್ಕಿ ಸರಿದ ಸಪ್ಪಳ, ಬಳೆಯ ಸಪ್ಪಳ ಸಹ ಬಂದಿತ್ತು. ಅದಕ್ಕೆ ಬೀಳುವ ಸಪ್ಪಳದ ಫೈಲಿನ ಹೆಸರನ್ನೇ ಇಟ್ಟು ಅದರ ಜಾಗದಲ್ಲಿ ಕೂರಿಸಿದ. ಮೊದಲ ಸಲ ಕೇಳಿದಾಗ ಅಜ್ಜಿ ಬಾಯಿಯ ಎಲೆ ಹೊರಗೆ ಬರುವಷ್ಟು ನಕ್ಕಳು. "ಅಯ್ಯ, ನನ್ನ ದನಿ ಹಿಂಗೈತೇನ? ಕಾಗಿ ಒದರಿದಂಗೈತಲ್ಲೋ!"

ಸುದ್ದಿ ಓಣಿಯಲ್ಲಿ ಹಬ್ಬಿತು. ಚಪ್ಪಲಿಗಳ ರಾಶಿ ಮರಳಿ ಬಂತು. ಪೆಂಗ್ವಿನ್ ಗೆಲ್ಲುವುದು ಯಾರಿಗೂ ಬೇಡವಾಗಿತ್ತು. ಎಲ್ಲರಿಗೂ ಅದನ್ನು ಬೀಳಿಸಬೇಕು, ಅಜ್ಜಿಯ ದನಿ ಕೇಳಬೇಕು, ಅಜ್ಜಿ ಪಕ್ಕದಲ್ಲೇ ಕೂತು "ಮತ್ತ ಬಿದ್ದಿ ಏನಲೇ ದಡ್ಡಾ" ಎನ್ನಬೇಕು. ನಾನು ಮಾತ್ರ ಗೆಲ್ಲಲು ಆಡುತ್ತಿದ್ದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಕೊನೆಯ ಕಟ್ಟೆಯವರೆಗೂ ಒಮ್ಮೆಯೂ ಬೀಳದೆ ಹೋಗುವುದನ್ನು ಕಲಿತೆ. ಅಜ್ಜಿಗೆ ಬೇಜಾರಾಯಿತು. "ನೀ ಬೀಳದಿದ್ರ ನನ್ನ ದನಿ ಹೆಂಗ ಕೇಳಬೇಕವ್ವ?" ಎಂದು ಛೇಡಿಸಿದಳು.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಬರೀ ಜ್ವರ ಎಂದುಕೊಂಡೆವು. ಹಾವೇರಿಯ ದವಾಖಾನೆಗೆ ಒಯ್ದರು. ಐದನೆಯ ದಿನ ಅವಳನ್ನು ಮನೆಗೆ ತಂದು ನಡುಮನೆಯಲ್ಲಿ, ಆ ಮೂಲೆಯಿಂದ ನಾಲ್ಕು ಹೆಜ್ಜೆಯ ಅಂತರದಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಕೊರಳಿಗೆ ಹೂವಿನ ಹಾರ ಹಾಕಿದ್ದರು. ಯಾರೋ ಕಂಪ್ಯೂಟರಿನ ಮೇಲೆ ಹಳೆಯ ಸೀರೆಯೊಂದನ್ನು ಮುಚ್ಚಿದ್ದರು.

ಅಜ್ಜಿಯ ದಿನ ಮಾಡಿ, ಬಂದ ಬೀಗರೆಲ್ಲ ಹೊರಟುಹೋದ ಮರುದಿನ ಮನೆ ಬಿಕೋ ಎನ್ನುತ್ತಿತ್ತು. ಏನು ಮಾಡಬೇಕೆಂದು ತೋಚದೆ ನಾನು ಸೀರೆ ಸರಿಸಿ ಕಂಪ್ಯೂಟರ್ ಹಚ್ಚಿದೆ. ದೇವರಾಣೆ, ನನಗೆ ನೆನಪಿರಲಿಲ್ಲ. ಮೊದಲ ಹೊಂಡಕ್ಕೇ ಪೆಂಗ್ವಿನ್ ಬಿತ್ತು. "ಅಯ್ಯ ಶಿವನ! ಬಿದ್ದೇನ ಕೂಸ? ಏಳ, ಏಳ. ಏನಾಗಿಲ್ಲ." ಒಳಗೆ ಅವ್ವನ ಕೈಯಿಂದ ಹಿತ್ತಾಳೆಯ ಪಾತ್ರೆ ಬಿದ್ದು ಉರುಳಿತು. ಅಪ್ಪ ಓಡಿ ಬಂದು, "ಬಂದ್ ಮಾಡ ಅದನ್ನ! ಬುದ್ಧಿ ಐತಿ ಇಲ್ಲ ನಿನಗ?" ಎಂದು ಒದರಿ, ಹಾಗೆಯೇ ಬಾಗಿಲಿಗೆ ಒರಗಿ ಅಳತೊಡಗಿದ. ಅಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಸಂಜೆ ಅಜ್ಜ ಚಾ ಕುಡಿದು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಆ ಮೂಲೆಗೆ ಬಂದು ಕೂತ. ನನ್ನತ್ತ ನೋಡಲಿಲ್ಲ. "ಅದನ್ನ ಹಚ್ಚು" ಅಂದ. ಹಚ್ಚಿದೆ.

"ಬೀಳಸು."

ಬೀಳಿಸಿದೆ. ಅಜ್ಜಿ ಮಾತಾಡಿದಳು. ಅಜ್ಜ ಕಣ್ಣು ಮುಚ್ಚಿಕೊಂಡಿದ್ದ. "ಇನ್ನೊಮ್ಮೆ" ಅಂದ. ಮೂರು ಸಲವಾದ ಮೇಲೆ "ಸಾಕು" ಎಂದು ಎದ್ದು ಆನಿಕೆರೆಯ ಕಡೆ ತಿರುಗಾಡಲು ಹೋದ.

ಅಂದಿನಿಂದ ದಿನಾ ಸಂಜೆ ಇದೇ. ಚಾ, ಕುರ್ಚಿ, ಮೂರು ಸಲ. ಬೀಳದೆ ಆಡುವುದನ್ನು ಅಷ್ಟು ಕಷ್ಟಪಟ್ಟು ಕಲಿತವಳು ಈಗ ಅಜ್ಜನಿಗಾಗಿ ಬೀಳುತ್ತಿದ್ದೆ. ಅವ್ವ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ಒಲೆಯ ಮುಂದೆ ಯಾವ ಸಪ್ಪಳವೂ ಇರುತ್ತಿರಲಿಲ್ಲ. ಒಂದು ದಿನ ಮೂರನೆಯ ಸಲ ಅಜ್ಜಿ "ಏಳ, ಏಳ" ಅಂದಾಗ ಅಜ್ಜ ಮೆಲ್ಲಗೆ, "ಹೂಂ, ಏಳ್ತೇನಿ ತಡಿ" ಅಂದ. ಅಂದು ಎದ್ದವನು ಗಡ್ಡ ಬೋಳಿಸಿಕೊಂಡು ಬಂದ. ಅಜ್ಜಿ ಹೋದ ಮೇಲೆ ಅದೇ ಮೊದಲು.

ದಸರಾ ಸೂಟಿಗೆ ಪ್ರವೀಣ ಮತ್ತೆ ಬಂದ. ಹುಬ್ಬಳ್ಳಿಯಲ್ಲಿ ಅವನಿಗೆ ಹೊಸ ಕಂಪ್ಯೂಟರ್ ಬಂದಿತ್ತಂತೆ, ಆಟದಲ್ಲಿ ಮಳೆ ಬಂದರೆ ಕಾರಿನ ಗಾಜಿನ ಮೇಲೆ ಹನಿಗಳು ಇಳಿಯುತ್ತವಂತೆ. "ನಿಮ್ಮ ಕರಿ ಕೋಳಿ ಇನ್ನೂ ಅದ ಕಟ್ಟಿ ಮ್ಯಾಲ ಕುಣಿತೈತೇನ?" ಎಂದು ಕೇಳಿದ. ಪೆಂಗ್ವಿನ್ ಆಟದ ಹೊಸ ಆವೃತ್ತಿ ಬಂದಿದೆ, ಅದರಲ್ಲಿ ಮಂಜಿನ ಕೋಟೆ ಇದೆ ಎಂದು ಖಾದರಣ್ಣ ಹೇಳಿದ್ದು ನನ್ನ ತಲೆಯಲ್ಲಿತ್ತು. ನಮ್ಮ ಫೈಲುಗಳೆಲ್ಲ ಹೋಮ್ ಎನ್ನುವ ಫೋಲ್ಡರಿನಲ್ಲಿರುತ್ತವೆ, ಏನು ಹೊಸದು ಹಾಕಿದರೂ ಅದಕ್ಕೆ ಧಕ್ಕೆ ಇಲ್ಲ ಎಂದೂ ಅವನೇ ಹೇಳಿದ್ದ. ಅಪ್ಪನ ಇಂಟರ್ನೆಟ್ ಡಾಂಗಲ್ ಚುಚ್ಚಿದೆ. ಹೊಸದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳಿತು. ಹೂಂ ಎಂದು ಒತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಕೋಟೆ ಬಂತು. ನೀಲಿ ಬುರುಜುಗಳು, ಉದುರುವ ಮಂಜು. ಪ್ರವೀಣ ಬಾಯಿ ತೆರೆದು ನೋಡಿದ. "ಚಲೋ ಐತಿ ಬಿಡು" ಎಂದು ಒಪ್ಪಿದ. ನಾನು ಉಬ್ಬಿಹೋದೆ. ಆಮೇಲೆ ಅವನ ಕೈಯಲ್ಲಿ ಪೆಂಗ್ವಿನ್ ಬಿತ್ತು. "ಟುಂಯ್" ಎಂದಿತು.

ಸ್ಪೀಕರಿನ ವಾಯರು ಸಡಿಲವಾಗಿದೆ ಎಂದುಕೊಂಡೆ. ಕಿತ್ತು ಚುಚ್ಚಿದೆ. ಟುಂಯ್. ಹೋಮ್ ಫೋಲ್ಡರ್ ತೆರೆದೆ. ನಾನು ಗೆದ್ದ ಕಟ್ಟೆಗಳ ಲೆಕ್ಕವೆಲ್ಲ ಒಂದೂ ಬಿಡದೆ ಅಲ್ಲಿತ್ತು. ಅಪ್ಪನ ಅಂಗಡಿಗೆ ಓಡಿ ಅಲ್ಲಿಂದ ಖಾದರಣ್ಣನಿಗೆ ಫೋನು ಹಚ್ಚಿದೆ. ನಡೆದದ್ದನ್ನು ಹೇಳಿದೆ. "ಆ ದನಿ ಹೋಮಿನ್ಯಾಗ ಇದ್ದಿದ್ದಿಲ್ಲವ್ವ. ಆಟದ್ದ ಫೋಲ್ಡರಿನ್ಯಾಗ ಇತ್ತು. ಹೊಸಾದು ಬಂದು ಅದರ ಮ್ಯಾಲ ಕುಂತೈತಿ" ಅಂದ. "ನಿನ್ನ ಮೊಬೈಲಿನ್ಯಾಗ ಐತಲ್ಲಣ್ಣ?" ಎಂದು ಕೇಳಿದೆ. ಆ ಮೊಬೈಲು ಆಷಾಢದ ಮಳೆಯಲ್ಲಿ ತೋಯ್ದು ಕೆಟ್ಟಿತ್ತು. ಅದು ನನಗೂ ಗೊತ್ತಿತ್ತು.

ಸಂಜೆ ಅಜ್ಜ ಚಾ ಕುಡಿದು ಬಂದು ಕೂತ. "ಬೀಳಸು" ಅಂದ.

ಬೀಳಿಸಿದೆ. ಟುಂಯ್. ಅಜ್ಜ ಕಣ್ಣು ತೆರೆದ. "ದನಿ ಜೋರು ಮಾಡು" ಎಂದು ಕುರ್ಚಿ ಮುಂದೆ ಸರಿಸಿದ. ಮತ್ತೆ ಬೀಳಿಸಿದೆ. ಅಜ್ಜ ಬಾಗಿ ಸ್ಪೀಕರಿಗೆ ಕಿವಿ ಹತ್ತಿರ ತಂದ. ಮೂರನೆಯ ಸಲಕ್ಕೆ ನನ್ನ ಕೈ ಏಳಲಿಲ್ಲ. "ಸ್ಪೀಕರ್ ಕೆಟ್ಟೈತಿ ಅಜ್ಜ" ಎಂದೆ. "ಟುಂಯ್ ಅಂತೈತಲ್ಲ, ಕೆಟ್ಟಿಲ್ಲ" ಅಂದ. ನನಗೆ ತಡೆಯಲಾಗಲಿಲ್ಲ. ಪ್ರವೀಣನ ಮುಂದೆ ಹೆಚ್ಚುಗಾರಿಕೆ ತೋರಿಸಲು ಹೋಗಿ ಅಜ್ಜಿಯ ದನಿಯನ್ನು ನಾನೇ ಅಳಿಸಿದೆ ಎಂದು ಬಿಕ್ಕುತ್ತ ಎಲ್ಲ ಹೇಳಿದೆ. ಕಪಾಳಕ್ಕೆ ಬೀಳುತ್ತದೆ ಎಂದು ಕಾದೆ. ಬಿದ್ದಿದ್ದರೆ ಸಮಾಧಾನವಾಗುತ್ತಿತ್ತು.

ಅಜ್ಜ ಪರದೆಯತ್ತ ನೋಡಿದ. ಅಲ್ಲಿ ಪೆಂಗ್ವಿನ್ ಮತ್ತೆ ಮೊದಲಿನ ಕಟ್ಟೆಯ ಮೇಲೆ ನಿಂತಿತ್ತು. ಆಮೇಲೆ ಸ್ಟೇರಿಂಗ್ ಹಿಡಿದು ಹಿಡಿದು ಗಂಟುಗಟ್ಟಿದ ಅಂಗೈಯನ್ನು ನನ್ನ ತಲೆಯ ಮೇಲಿಟ್ಟ. ಆ ಮಾತು ಅವನ ಬಾಯಿಗೆ ರೂಢಿಯದ್ದಲ್ಲ. ತಡವರಿಸಿ ತಡವರಿಸಿ ಬಂತು. "ಅಯ್ಯ ಶಿವನ… ಬಿದ್ದೇನ ಕೂಸ? ಏಳ, ಏಳ. ಏನಾಗಿಲ್ಲ."

ಮುಂದಿನ ರವಿವಾರ ಖಾದರಣ್ಣ ಸವಣೂರಿನಿಂದ ಬಂದು, ಊಟಕ್ಕೂ ಏಳದೆ, ಅಳಿಸಿಹೋದದ್ದನ್ನು ಹುಡುಕಿದ. ಸಿಗಲಿಲ್ಲ. ಅಭ್ಯಾಸಬಲದಿಂದ ತಂದಿದ್ದ ಎಲೆಯ ಕಟ್ಟನ್ನು ಅಜ್ಜಿಯ ಎಲೆ ಡಬ್ಬಿಯ ಪಕ್ಕ ಇಟ್ಟು ಹೋದ. ಅಜ್ಜ ಆ ಮೂಲೆಗೆ ಮತ್ತೆ ಬರಲಿಲ್ಲ, ನನಗೊಂದು ಮಾತೂ ಅನ್ನಲಿಲ್ಲ. ನಾನು ಪಿಯುಸಿ ಓದುವಾಗ ಅವನೂ ಹೋದ.

ಈಗ ಲಿನಕ್ಸಿನಲ್ಲಿ ಆಡಲು ಸಿಗದ ಆಟ ಕಡಿಮೆ. ಪ್ರವೀಣನ ಮಳೆಹನಿಯ ಕಾರೂ ಓಡುತ್ತದೆ. ಚೆಂದದ ಆಟಗಳು, ಆದರೆ ಬಹುಪಾಲು ಕೀಲಿ ಹಾಕಿದವು. ಒಳಗೆ ಹೊಕ್ಕು ನಮ್ಮವರನ್ನು ಕೂರಿಸಲು ಜಾಗವಿಲ್ಲ ಎಂದು ನಾನು ಬರೆದಾಗ ಓದಿದವರು ಇದೆಂಥ ದೂರು ಎಂದು ನಗುತ್ತಾರೆ. ಪ್ರತಿಯೊಂದು ಫೈಲನ್ನೂ ಎರಡು ಕಡೆ ಇಟ್ಟುಕೊಳ್ಳುವ ನನ್ನ ಚಟಕ್ಕೂ ನಗುತ್ತಾರೆ. ನಗಲಿ. ಆ ಪೆಂಗ್ವಿನ್ ಆಟ ಇಂದಿಗೂ ನನ್ನ ಹತ್ತಿರ ಇದೆ. ಆಗಾಗ ಹಚ್ಚುತ್ತೇನೆ, ಬೇಕೆಂದೇ ಬೀಳಿಸುತ್ತೇನೆ, ಸ್ಪೀಕರ್ ಬಂದ್ ಮಾಡಿ ಅಜ್ಜಿಯ ದನಿಯನ್ನು ನೆನಪಿನಿಂದ ಕರೆಯುತ್ತೇನೆ. ಅಕ್ಕಿ ಸರಿದ ಸಪ್ಪಳ ಬರುತ್ತದೆ, ಬಳೆಯ ಸಪ್ಪಳ ಬರುತ್ತದೆ. ಮಾತು ಮಾತ್ರ ಅಜ್ಜನ ದನಿಯಲ್ಲೇ ಬರುತ್ತದೆ, ತಡವರಿಸಿ ತಡವರಿಸಿ.