ಸಾಗವಾನಿಯ ಜಿಲೇಬಿ ಮೀನು

ನಮ್ಮದು ಮೀನು ತಿನ್ನದ ಮನೆ. ಕೂಡ್ಲಿಗಿಯಲ್ಲಿ ಮೂವತ್ತು ವರ್ಷ ಬಡಗಿ ಕೆಲಸ ಮಾಡಿದ ನಾನು ಬಾಗಿಲ ಚೌಕಟ್ಟುಗಳ ಮೇಲೆ ಎಷ್ಟೋ ಮೀನು ಕೆತ್ತಿದ್ದೇನೆ, ಒಂದನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಹಾಗೆ ಹೇಳಿಕೊಳ್ಳಲು ಒಂದಿಷ್ಟು ಜಂಬವೂ ಇತ್ತು.

ನನ್ನ ಜೊತೆ ಶಾಲೆ ಕಲಿತ ಗೆಳೆಯನೊಬ್ಬ ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದುಹಾಕಿತು. ನೋಡಲು ಹೋದಾಗ ಒಂದೇ ಒಂದು ಕೇಳಿದ: ಬೆನ್ನ ಮೇಲೆ ಮುಳ್ಳಿನ ಸಾಲಿರುವ ಜಿಲೇಬಿ ಮೀನೊಂದನ್ನು ಕೆತ್ತಿಕೊಡಬೇಕಂತೆ. ಯಾರಾದರೂ ತಂದುಕೊಟ್ಟ ಮೀನು ಅವನ ಕೈಗೆ ಬರುವಷ್ಟರಲ್ಲಿ ಸತ್ತಿರುತ್ತಿತ್ತು. ನೀರಿನಿಂದ ಆಗಷ್ಟೇ ಎತ್ತಿದಂಥದ್ದು ಅವನಿಗೆ ಬೇಕಿತ್ತು.

ಉಳಿ ಹಿಡಿದವನಿಗೆ ಅದೇನು ಮಹಾ ಅಂದುಕೊಂಡೆ. ಸಂತೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಮೂಗು ಮುಚ್ಚಿಕೊಂಡು ನಿಂತು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡೆ. ಸಾಗವಾನಿ ತುಂಡಿನಲ್ಲಿ ಒಂದೊಂದು ಹುರುಪೆಯನ್ನೂ ಬಿಡಿಸಿ, ಬಣ್ಣ ಹಚ್ಚಿ ಒಯ್ದೆ. ಅವನ ಹೆಂಡತಿ ನಿಜವಾದದ್ದೆಂದೇ ತಿಳಿದು ಬೆಕ್ಕನ್ನು ಅಟ್ಟಿದಳು. ಅವನು ಮೀನಿನ ಬೆನ್ನ ಮೇಲೆ ಬೆರಳಾಡಿಸಿದ.

"ಇದು ಸತ್ತದ್ದು ಐತಲೇ," ಅಂದ. "ಮುಳ್ಳು ಮಲಗ್ಯಾವ. ಜೀವ ಇದ್ದದ್ದು ಮುಳ್ಳು ನಿಗರಿಸಿ ಕೈಗೆ ಚುಚ್ಚತೈತಿ."

ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಬುಟ್ಟಿಯಲ್ಲಿದ್ದ ಹೆಣ ನೋಡಿಯೇ ಕೆತ್ತಿದ್ದೆನಲ್ಲ. ಮರುವಾರ ಅವನ ಊರಿನವರ ಹರಿಗೋಲು ಹತ್ತಿದೆ. ಬಲೆಯಿಂದ ಬಿಡಿಸಿದ ಮೀನನ್ನು ಕೈಗಿಟ್ಟರು. ಅದು ಬೆನ್ನು ಬಾಗಿಸಿ, ಮುಳ್ಳು ನಿಗರಿಸಿ ಅಂಗೈಗೆ ಚುಚ್ಚಿತು. ಮನೆಗೆ ಬಂದು ಸ್ನಾನ ಮಾಡಿದರೂ ಆ ಒದ್ದಾಟ ಕೈ ಬಿಡಲಿಲ್ಲ.

ಎರಡನೆಯ ಮೀನು ಕಷ್ಟ ಕೊಟ್ಟಿತು. ಸಾಗವಾನಿಯ ಮುಳ್ಳುಗಳು ಚೂಪು ಮಾಡುವಾಗ ಮುರಿಯುತ್ತಿದ್ದವು. ಕೊನೆಗೆ ಬಿದಿರಿನ ಮುಳ್ಳು ಕೂಡಿಸಿದೆ. ನಡುವೆ ಕೊಟ್ಟೂರಿನಲ್ಲಿ ಬಾಗಿಲಿನ ಕೆಲಸ ಒಪ್ಪಿಕೊಂಡು ಇದನ್ನು ಮೂಲೆಗಿಟ್ಟೆ. ಐದಾರು ತಿಂಗಳು ಹಾಗೇ ಹೋದವು. ಆ ತಿಂಗಳುಗಳಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಒಯ್ದ ದಿನ ಅವನು ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಮೀನನ್ನು ಮಡಿಲಲ್ಲಿಟ್ಟುಕೊಂಡು ಬಾಲದಿಂದ ತಲೆಯ ಕಡೆಗೆ ಬೆನ್ನನ್ನು ಒತ್ತಿ ಸವರಿದ. ಮತ್ತೊಮ್ಮೆ ಸವರಿದ. ಮುಖ ಎತ್ತಿ ಏನನ್ನೋ ಕಾಯುತ್ತಿದ್ದ.

"ಮುಳ್ಳು ಇನ್ನೂ ಮಲಗ್ಯಾವಲ್ಲಲೇ," ಅಂದ.

ಅವನ ಮೂರು ಬೆರಳುಗಳಿಂದ ರಕ್ತ ಇಳಿಯುತ್ತಿತ್ತು. ಅವನ ಹೆಂಡತಿ ಬಾಗಿಲಲ್ಲೇ ನಿಂತು ನನಗೆ ಕೈಸನ್ನೆ ಮಾಡಿದಳು, ಹೇಳಬೇಡ ಎಂದು. ಕಣ್ಣಿನ ಹಿಂದೆಯೇ ಬೆರಳುಗಳ ಸ್ಪರ್ಶವೂ ಹೋಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಹೌದಪಾ, ಮತ್ತ ತಪ್ಪೀನಿ. ಇನ್ನೊಂದು ಕೆತ್ತತೀನಿ," ಅಂದೆ. "ಬಣ್ಣ ಹಸಿ ಐತಿ, ಕೈ ಕೊಡು."

ಅವನು ಕೈ ಚಾಚಿದ. ನಾನು ಟವೆಲ್ಲಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದೆ.