ಹೋರಿಯತ್ತ ತಿರುಗಿಸಿದ ಲ್ಯಾಪ್‌ಟಾಪ್

ತರೀಕೆರೆಯ ಭಾಮೈದನಿಗೆ ಹೋರಿ ಕೊಡಿಸಲು ಎಮ್ಮೆದೊಡ್ಡಿ ಎಂಬ ಊರಿಗೆ ಹೋಗಿದ್ದೆ. ಮೊಬೈಲ್ ಕೆಟ್ಟಿತ್ತು, ಮಗಳ ಲ್ಯಾಪ್‌ಟಾಪ್‌ನಲ್ಲೇ ಅವನಿಗೆ ವಿಡಿಯೋ ಕಾಲ್ ಮಾಡಿದೆ. ಅದರ ಕ್ಯಾಮೆರಾ ಇರುವುದು ಪರದೆಯ ಕಡೆಗೆ ಮಾತ್ರ. ಹೋರಿ ತೋರಿಸಲು ಪರದೆಯನ್ನೇ ಅತ್ತ ತಿರುಗಿಸಿಟ್ಟೆ. ಭಾಮೈದನ ಮುಖ ನನಗೆ ಕಾಣದಾಯಿತು.

ನಾನೂ ಹೋರಿಯ ಯಜಮಾನರೂ ಟವೆಲ್ ಕೆಳಗೆ ಕೈ ಸೇರಿಸಿ, ಮಾತಿಲ್ಲದೆ ಬೆರಳಲ್ಲೇ ವ್ಯಾಪಾರ ಶುರು ಮಾಡಿದೆವು. ಹೋರಿ ಹಿಡಿಸದವನಂತೆ ನಾನು ಮುಖ ಸಿಂಡರಿಸಿದೆ. ಅವರು ಇನ್ನೇನು ಬೆಲೆ ಇಳಿಸುವುದರಲ್ಲಿದ್ದರು.

"ಏನ್ ಹೋರಿ ಕಣ್ ಭಾವಾ! ಎಷ್ಟಾದ್ರೂ ಕೊಟ್ಬಿಡು, ಬಿಡ್ಬ್ಯಾಡ!" ಎಂದು ಲ್ಯಾಪ್‌ಟಾಪ್‌ನಿಂದ ಭಾಮೈದ ಕಿರುಚಿದ.

ಯಜಮಾನರು ನಗುತ್ತಾ ಟವೆಲ್ ಕೆಳಗೆ ನನ್ನ ಇನ್ನೊಂದು ಬೆರಳು ಅದುಮಿ ಬೆಲೆ ಏರಿಸಿದರು.

ಲ್ಯಾಪ್‌ಟಾಪಿನ ಹಿಂದೆಯೂ ಕ್ಯಾಮೆರಾ ಇರಲೇಬೇಕು ಕಣ್ರೀ. ಇದ್ದಿದ್ದರೆ ಅವನ ಮುಖ ನನ್ನೆದುರಿಗಿರುತ್ತಿತ್ತು, ಅವನು ಬಾಯಿ ತೆರೆಯುವುದು ಕಂಡೊಡನೆ ಲ್ಯಾಪ್‌ಟಾಪನ್ನೇ ಮುಚ್ಚಿಬಿಡುತ್ತಿದ್ದೆ.